ಕಾರ್ಬನ್ ಪ್ರತಿ

ಬಲ್ಲಾರ್ಡ್ ಪಿಯರಿನಲ್ಲಿ, ಹಡಗಿನ ಹಗ್ಗ ಮಾರುವ ಅಂಗಡಿಯ ಮೇಲೆ,
ಒಂದೂವರೆ ಕೋಣೆಯ ದೇಶವೊಂದಿತ್ತು.
ಒಂದರಲ್ಲಿ ಸಾಹೇಬರು ಮತ್ತು ಅವರ ಧ್ವಜ.
ಮಿಕ್ಕ ಅರ್ಧದಲ್ಲಿ ನಾನು, ನನ್ನ ರೆಮಿಂಗ್ಟನ್,
ಒಂದು ಕಾಲು ಕುಂಟುವ ಸ್ಟೂಲು.

ಭೂಪಟದಲ್ಲಿ ನಿಮ್ಮ ದೇಶ ಎಲ್ಲಿ ಅಂತ ಕೇಳಿದರೆ
ನೊಣ ಓಡಿಸುವವರ ಹಾಗೆ ಕೈ ಬೀಸಿ
'ಅದರ ಕೆಳಗೇ ಇರಬೇಕು, ನೋಡಿ' ಅನ್ನುತ್ತಿದ್ದರು.

ಹೆಸರು ತಾದೇಯೊ ಒರಾನ್.
ನಾನಿದ್ದದ್ದು ತಾರ್‌ದೇವ್.
ಅಂಚೆಯವ ಅವರ ಕಾಗದವನ್ನು ನನ್ನ ಮನೆಗೆ
ಹಾಕಿ ಹೋದದ್ದೂ ಉಂಟು.
ಹಟ್ಟಿಯಂಗಡಿ ಅನ್ನಲು ಅವರ ನಾಲಗೆ ಹೊರಳದು;
'ಮಿಸ್ ಅಂಗಡಿ' ಅಂತಲೇ ಒಂಬತ್ತು ವರ್ಷ ಕರೆದರು.
ನಾನು ತಿದ್ದಲಿಲ್ಲ. ಅವರ ಇಂಗ್ಲಿಷ್ ತಿದ್ದುವುದೇ ಬೇಕಷ್ಟಿತ್ತು.

ಮೊದಲ ವಾರ. ಯಾರಿಗೋ ಉತ್ತರ.
'ಆಗುವುದಿಲ್ಲ' ಅಂತ ಬರೆದುಕೊಟ್ಟಿದ್ದರು, ಅಷ್ಟೇ, ಒಂದು ಸಾಲು.
ನಾನು ಕೇಳದೆಯೇ
'ವಿಷಾದಿಸುತ್ತೇವೆ' ಅಂತ ಹೊಡೆದೆ.
ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು:
'ಮಿಸ್ ಅಂಗಡಿ, ಬಾಗಿಲು ಮುಚ್ಚಿದ್ದೇ ತಿಳಿಯದ ಹಾಗೆ
ತಿರುಗಣಿಗೆ ಎಣ್ಣೆ ಬಿಟ್ಟಿದ್ದೀರಿ.'
ಆ ದಿನ ಇರಾನಿಯಿಂದ ನನಗೂ ಒಂದು ಬನ್ ಮಸ್ಕಾ ಬಂತು.

ಏನು ಮಹಾ ಕೆಲಸ ಅಲ್ಲಿ!
ವೀಸಾ ಕೇಳುವವರು ವರ್ಷಕ್ಕೆ ನಾಲ್ವರು.
ಉಳಿದಂತೆ, ಕುಡಿದು ಹಡಗು ತಪ್ಪಿಸಿಕೊಂಡವರು,
ಪಾಸ್‌ಪೋರ್ಟನ್ನು ಜೂಜಿಗೆ ಇಟ್ಟವರು,
ಒಮ್ಮೆ ಒಬ್ಬ ಹುಡುಗ, ಹತ್ತೊಂಬತ್ತು, ಕಾಮಾಲೆ.
ಶಿವಡಿಯಲ್ಲಿ ಅವನನ್ನು ಹೂಳುವಾಗ ಜುಲೈ ತಿಂಗಳು.
ಗುಂಡಿ ತೋಡುವವನ ತಲೆಗೆ ಕೊಡೆ ಹಿಡಿದು
ತಾನು ನೆನೆಯುತ್ತ ನಿಂತಿದ್ದರು
ಒಂದು ದೇಶದ ಪ್ರತಿನಿಧಿ.

ಆ ಹುಡುಗನ ತಾಯಿಗೆ ಬರೆದ ಕಾಗದವನ್ನು
ಏಳು ಸಲ ಟೈಪು ಮಾಡಿಸಿದರು.
ಪ್ರತಿ ಸಲವೂ ಎಲ್ಲೋ ತಪ್ಪಿದೆ ಅನ್ನುತ್ತಿದ್ದರು.
ಕಾಗುಣಿತದಲ್ಲಿ ತಪ್ಪಿರಲಿಲ್ಲ.
ಅವನು ಸತ್ತಿದ್ದಾನೆ ಅನ್ನುವುದನ್ನು
ನಾನು ಯಾವ ರಬ್ಬರಿನಿಂದ ಅಳಿಸಲಿ?
'ವಿಷಾದ' ಹಾಕಲೇ ಅಂತ ಕೇಳಿದೆ.
'ಬೇಡ,' ಅಂದರು. 'ಅದು ಕಚೇರಿಗಳಿಗೆ.'

ಆಮೇಲೆ ಕರೆ ಬಂತು, ಹೋದರು.
ಧ್ವಜ ಮಡಿಚುವಾಗ ಒಂದು ತುದಿ ನಾನು ಹಿಡಿದೆ,
ಮನೆಯಲ್ಲಿ ಅಮ್ಮನ ಜೊತೆ ಸೀರೆ ಮಡಿಚುವ ಹಾಗೆ.

ಮುಂದಿನದೆಲ್ಲ ನನಗೆ ತಿಳಿದದ್ದು ಅಂಚೆಚೀಟಿಯಿಂದ.
ಹೊಸ ವರ್ಷದ ಕಾರ್ಡು ತಪ್ಪದೆ ಬರುತ್ತಿತ್ತು,
ಅವರದೇ ಕೈಬರಹ, 'ಮಿಸ್ ಅಂಗಡಿ, ತಾರ್‌ದೇವ್'.
ಮೊದಲ ವರ್ಷ ಚೀಟಿಯ ಮೇಲೆ ಮೀನು.
ಮಂತ್ರಿಯಾದ ವರ್ಷ ಲವಂಗದ ಗೊಂಚಲು.
ಆಮೇಲೆ ಮೀಸೆ ಬಿಟ್ಟ ಅವರ ಮುಖವೇ,
ಕಿವಿಯ ಮೇಲೆ ಕಪ್ಪು ಮುದ್ರೆ ಬಿದ್ದು.
ಅಣ್ಣನ ಮಗ ಆಲ್ಬಮ್ಮಿಗೆ ಬೇಕೆಂದು ಹಟ ಮಾಡಿದ.
ಮೀನನ್ನು ಕೊಟ್ಟೆ.

ಒಂದು ರಾತ್ರಿ, ಊಟದ ಹೊತ್ತು, ರೇಡಿಯೋ.
ಅವರ ಬಂದರಿನಲ್ಲಿ ಕೂಲಿಯವರ ಮುಷ್ಕರ, ಗುಂಡು,
ಹನ್ನೊಂದು ಜನ.
ಆಮೇಲೆ ಅಧ್ಯಕ್ಷರ ಧ್ವನಿ, ಕರಕರ ಸದ್ದಿನ ನಡುವೆಯೂ
ಗುರುತು ಹತ್ತಿತು, ಅದೇ ಗಂಟಲು ಸರಿಮಾಡಿಕೊಳ್ಳುವುದು:
'ಸರಕಾರ ವಿಷಾದಿಸುತ್ತದೆ.'

ಕಲಸಿದ ಅನ್ನ ಕೈಯಲ್ಲೇ ಒಣಗಿತು.
ಅತ್ತಿಗೆ, ಏನಾಯಿತೇ ಅಂದಳು.
ಏನೆಂದು ಹೇಳಲಿ,
ಎಣ್ಣೆ ಬಿಟ್ಟವಳು ನಾನು.

ಟ್ರಂಕಿನಲ್ಲಿ ಆ ಏಳನೆಯ ಕಾಗದದ ಕಾರ್ಬನ್ ಪ್ರತಿ ಇತ್ತು.
ಕಚೇರಿಯದು, ತರಬಾರದಿತ್ತು, ತಂದಿದ್ದೆ.
ನೀಲಿ ಮಸುಕು, ಆದರೂ ಓದಬಹುದು.
ಲೆಕ್ಕ ಹಾಕಿದೆ: ಹನ್ನೊಂದು ತಾಯಂದಿರು,
ಒಬ್ಬೊಬ್ಬಳಿಗೆ ಏಳು ಸಲ,
ಎಪ್ಪತ್ತೇಳು ಹಾಳೆ.
ನಾನಾದರೆ ಮೂರು ದಿನದಲ್ಲಿ ಮುಗಿಸಿಕೊಡುತ್ತಿದ್ದೆ.

ಜನವರಿಯಲ್ಲಿ ಕಾರ್ಡು ಬಂತು.
ಅಂಚೆಚೀಟಿಯಲ್ಲಿ ಮುಖ ಇನ್ನೂ ಸ್ವಲ್ಪ ದೊಡ್ಡದಾಗಿತ್ತು.
ವಿಳಾಸ ಟೈಪು ಮಾಡಿದ್ದು, ಅಚ್ಚುಕಟ್ಟು:
'ಮಿಸ್ ಹಟ್ಟಿಯಂಗಡಿ'.
ಒಂದಕ್ಷರ ತಪ್ಪಿರಲಿಲ್ಲ.